ಎಡಗಡೆಯ ಚಕ್ರ

ಹತ್ತು ತಿಂಗಳಾದರೂ ಎಡಗಡೆಯ ಚಕ್ರದ ಗಾಳಿ ಇಳಿದಿರಲಿಲ್ಲ. ಬಲಗಡೆಯದು ಮಳೆಗಾಲ ಹಿಡಿಯುವ ಮೊದಲೇ ಚಪ್ಪಟೆಯಾಗಿ ರಿಮ್ಮಿನ ಮೇಲೆ ಕೂತುಬಿಟ್ಟಿತ್ತು. ಕೊಟ್ಟಿಗೆಯ ಪಕ್ಕದ ತಗಡಿನ ಮಾಡಿನ ಕೆಳಗೆ ಹುಲ್ಲು ಕೊಯ್ಯುವ ಯಂತ್ರ ಒಂದು ಭುಜ ಇಳಿಸಿಕೊಂಡು ನಿಂತಿತ್ತು. ಬೆಳಿಗ್ಗೆ ಸಗಣಿ ಬುಟ್ಟಿ ಹೊತ್ತು ಆ ದಾರಿಯಲ್ಲಿ ಹೋಗುವಾಗ ರಕ್ಷಿತಾ ಎಡಗಡೆಯ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ಗಟ್ಟಿಯಾಗಿಯೇ ಇರುತ್ತಿತ್ತು. ಅದರೊಳಗಿನ ಗಾಳಿ ಅವಳ ಗಂಡ ಉಲ್ಲಾಸ ತುಂಬಿಸಿದ್ದು. ಅವನ ಅಂಗಿಗಳು ಮೈದುನನ ಮೈಮೇಲೆ ಹೋದವು, ಫೋನು ಕೆಟ್ಟಿತು, ಇದೊಂದು ಉಳಿದಿತ್ತು. ಈ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಬಂದವಳು ಬಾಯಿಬಿಟ್ಟು ಹೇಳುವಂಥದ್ದಲ್ಲ ಅದು.

ಉಲ್ಲಾಸ ಸತ್ತದ್ದು ಜನವರಿಯಲ್ಲಿ, ಮಂಗನ ಕಾಯಿಲೆಯಿಂದ. ಕಾಡಿನಲ್ಲಿ ಸತ್ತ ಮಂಗನ ಮೈಯಿಂದ ಉದುರಿದ ಉಣುಗು ಹುಳ ಕಚ್ಚಿ ಬರುವ ಜ್ವರ. ಎಲ್ಲಿಗೆ ಹೋಗಿದ್ದರು, ಎಲ್ಲಿ ಕೂತಿದ್ದರು ಎಂದು ಆಸ್ಪತ್ರೆಯವರು ಕೇಳಿದರು. ಅವಳಿಗೆ ತಿಳಿದಿರಲಿಲ್ಲ. ಹೇಳಬೇಕಾದವನಿಗೆ ಅಷ್ಟರಲ್ಲಿ ಮಾತು ನಿಂತಿತ್ತು.

ಈಗ ದೊಡ್ಡಹಬ್ಬ, ಅಂದರೆ ದೀಪಾವಳಿ, ಕಳೆದು ವಾರವಾಗಿತ್ತು. ಕಾಡಿನಂಚಿನ ಹುಲ್ಲುಗಾವಲುಗಳಾದ ಬೇಣಗಳಲ್ಲಿ ಎದೆಮಟ್ಟದ ಹುಲ್ಲು ಒಣಗಿ ಕರಡವಾಗುವ ಸಮಯ. ಹಬ್ಬದ ಮರುದಿನ ಬೇಣದ ಯಜಮಾನರು ಬಂದು ಯಂತ್ರದ ಮೂತಿಗೆ ಒಂದು ಹಿಡಿ ಹುಲ್ಲು ಕಟ್ಟಿ ಹೋದರೆ ಆ ವರ್ಷ ಅವರ ಕೊಯ್ಲು ಈ ಯಂತ್ರಕ್ಕೇ ಎಂಬ ರೂಢಿಯನ್ನು ಉಲ್ಲಾಸನೇ ಹುಟ್ಟುಹಾಕಿದ್ದ. ಹೋದ ವರ್ಷ ಆರು ಹಿಡಿ ತೂಗಾಡುತ್ತಿದ್ದವು. ಈ ಸಲ ಒಂದೇ. ನಿಲ್ಕುಂದದ ಸೀತಾರಾಮ ಹೆಗಡೆಯವರದು.

"ಒಂದು ಬೇಣಕ್ಕೆ ಎಂತ ಮಷಿನ್ನು ಅತ್ತಿಗೆ?" ಎಂದ ಮೈದುನ ಸುನೀಲ. "ಬನವಾಸಿ ಕಡೆಯವರು ಕೇಳ್ತಿದ್ರು. ಕೊಟ್ಟು ಕೈ ತೊಳ್ಕಳ್ವ."

"ಆ ಒಂದನ್ನ ಕೊಯ್ದು ನೋಡ್ತೇನೆ."

"ಕೊಯ್ಯೂಕೆ ಆಗ್ಲಿಲ್ಲ ಅಂದ್ರೆ?"

"ಕೊಡು."

ಸುನೀಲ ಕೆಟ್ಟವನಲ್ಲ. ಯಂತ್ರ ಹೋದ ಮೇಲೆ ನೀವು ಇಲ್ಲಿ ಎಂತ ಮಾಡ್ತೀರಿ ಎಂಬುದನ್ನು ಅವನು ಕೇಳಲಿಲ್ಲ, ಅಷ್ಟೇ. ಯಲ್ಲಾಪುರದ ತವರಿನಲ್ಲಿ ಅಟ್ಟದ ಪಕ್ಕದ ಕೋಣೆಗೆ ಆಗಲೇ ಸುಣ್ಣ ಹೊಡೆಸಿದ್ದರು. ಆ ಕೋಣೆಯ ಕಿಟಕಿ ಹಿತ್ತಿಲ ಗೋಡೆಗೆ ತೆರೆಯುತ್ತದೆ. ಅಲ್ಲಿಗೆ ಹೋದರೆ ತಿರುಗಿ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಚಕ್ರ ಬಿಚ್ಚಲು ಕೆರಿಯ ಬಂದ. ಟ್ರ್ಯಾಕ್ಟರು ಅವನದು, ಹಿಂದೆ ಕಟ್ಟುವ ಯಂತ್ರ ಇವರದು. ಉಲ್ಲಾಸನ ಜೊತೆ ನಾಲ್ಕು ವರ್ಷ ಬೇಣ ಸುತ್ತಿದವನು. ಬಲಗಡೆಯದನ್ನು ಬಿಚ್ಚಿ ಎಡಗಡೆಯದಕ್ಕೂ ಕೈಹಾಕಿದ.

"ಅದು ಸರಿ ಇದೆ ಕೆರಿಯಣ್ಣ."

"ತೋರ್ಸಿ ಬರುವ ತಂಗಿ," ಎಂದನೇ ಹೊರತು ಅವಳ ಮುಖ ನೋಡಲಿಲ್ಲ.

ಶಿರಸಿಯ ಟೈರಿನಂಗಡಿಯ ವೀರಪ್ಪ ಹಾವೇರಿ ಕಡೆಯವನು. ಕೈ ಒರೆಸಿಕೊಳ್ಳುತ್ತ ಎದ್ದು ಬಂದ. "ಬರ್ರಿ ಅಕ್ಕಾರ. ಗಾಳೀದೋ, ಸಾಲಿಡ್ಡೋ?"

"ಯಾವುದು ಒಳ್ಳೇದು?"

"ಗಾಳೀದು ಮೆತ್ತಗ ಹೋಗ್ತೈತ್ರಿ, ಮುಳ್ಳು ಕಂಡ್ರ ಕುಂತುಬಿಡ್ತೈತಿ. ಸಾಲಿಡ್ ಅಂದ್ರ ಪೂರಾ ರಬ್ಬರ್ರೀ, ಮುಳ್ಳಿಗೆ ಅಂಜಂಗಿಲ್ಲ. ಆದ್ರ ಕಲ್ಲಿನ ಮ್ಯಾಲ ಹೊಂಟ್ರ ಮಷಿನ್ನಿನ ಹಲ್ಲೆಲ್ಲ ಉದುರ್ತಾವ. ಎರಡು ತ್ರಾಸಿನಾಗ ಯಾವ ತ್ರಾಸು ಬೇಕು ನೋಡ್ರಿ."

ಕೆರಿಯ ನಕ್ಕ. ಅವಳು ನಗಲಿಲ್ಲ. ಇದೇ ಮಾತು ನಾಲ್ಕು ವರ್ಷದ ಹಿಂದೆ ಮನೆಯ ಜಗಲಿಯಲ್ಲಿ ನಡೆದಿತ್ತು. ಉಲ್ಲಾಸನಿಗೆ ಗಟ್ಟಿ ಟೈರು ಬೇಕಿತ್ತು. ಬೇಣದ ತುಂಬ ಕವಳಿ ಮುಳ್ಳು, ಬಿದಿರಿನ ಕೂಳೆ, ದಿನಕ್ಕೆರಡು ಪಂಚರ್ ಆಗ್ತದೆ ಅಂದಿದ್ದ. ಅವಳು ಕಾಗದ ತೆಗೆದುಕೊಂಡು ಚಿತ್ರ ಬರೆದು, ಕಲ್ಲು ಕೊಡುವ ಪೆಟ್ಟು ಗಾಳಿಯಿಲ್ಲದಿದ್ದರೆ ನೇರ ಫ್ರೇಮಿಗೆ ಹೋಗುತ್ತದೆ, ಎರಡು ವರ್ಷಕ್ಕೆ ಬೆಸುಗೆ ಬಿಡುತ್ತದೆ ಎಂದು ವಿವರಿಸಿದ್ದಳು. ಅವನು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, "ಓದ್ದವಳ ಹತ್ರ ಯಾರು ಗೆಲ್ತಾರೆ ಮಾರಾಯ್ತಿ" ಎಂದು ಗಾಳಿಯ ಟೈರನ್ನೇ ತಂದಿದ್ದ. ಲೆಕ್ಕ ಈಗಲೂ ಸರಿಯಾಗಿಯೇ ಇತ್ತು.

"ಗಾಳಿದೇ ಇರಲಿ," ಎಂದಳು. "ಬಲಗಡೆಗೆ ಹೊಸ ಟ್ಯೂಬು ಹಾಕಿ. ಎಡಗಡೆಯದು ಮುಟ್ಟುವುದು ಬೇಡ."

ವೀರಪ್ಪ ಅಭ್ಯಾಸದಂತೆ ಎಡಗಡೆಯ ಟೈರಿಗೆ ಪಾನಾದಿಂದ ಒಂದು ಬಡಿದ. ಇನ್ನೊಮ್ಮೆ ಬಡಿದ. "ಗಾಳಿ ಅಲ್ರೀ ಇದು."

ಬಾಗಿ ವಾಲ್ವಿನ ಮೂತಿ ಒತ್ತಿದ. ರಕ್ಷಿತಾ ಉಸಿರು ಹಿಡಿದಳು. ಏನೂ ಹೊರಗೆ ಬರಲಿಲ್ಲ. ಅವನು ಹಾರೆಯಿಂದ ಟೈರಿನ ಅಂಚು ಮೀಟಿ ಎಬ್ಬಿಸಿದ. ಒಳಗೆ ಕಂದುಬಣ್ಣಕ್ಕೆ ತಿರುಗಿದ ಕರಡ. ಹಿಡಿ ಹಿಡಿಯಾಗಿ ಹೊಸೆದು, ಹಗ್ಗದಂತೆ ಸುತ್ತಿ, ಸಂದಿಲ್ಲದಂತೆ ಜಡಿದಿತ್ತು. ಹಳೆಯ ಹುಲ್ಲಿನ ಮುಗ್ಗುಲು ವಾಸನೆ ಅಂಗಡಿಯ ರಬ್ಬರಿನ ವಾಸನೆಯೊಳಗೆ ಸೇರಿಕೊಂಡಿತು.

"ಯಾರೋ ಭಾರೀ ತಾಳ್ಮಿಯಿಂದ ತುಂಬ್ಯಾರ," ಎಂದ ವೀರಪ್ಪ. "ಅರ್ಧ ದಿನದ ಕೆಲಸ ಇದು."

ರಕ್ಷಿತಾ ಕೆರಿಯನ ಕಡೆ ತಿರುಗಿದಳು. ಅವನು ನೆಲ ನೋಡುತ್ತಿದ್ದ.

"ನಿಲ್ಕುಂದದ ಬೇಣದಲ್ಲಿ ತಂಗಿ. ಡಿಸೆಂಬರ್ ಕೊನೆ. ಹೆಗಡೇರ ಬೇಣ ಇನ್ನೂ ಸ್ವಲ್ಪ ಬಾಕಿ ಇತ್ತು. ಬಿದಿರಿನ ಕೂಳೆ ಹೊಕ್ಕಿ ಟ್ಯೂಬು ಹರ್ದೇ ಹೋತು. ಸಿದ್ದಾಪುರಕ್ಕೆ ಹೋಗಿ ಟ್ಯೂಬು ತತ್ತೆ ಅಂದೆ. ಅಂವ, ಇವತ್ತೇ ಮುಗಿಸ್ತೆ ಅಂತ ಮಾತು ಕೊಟ್ಟಿದ್ದೆ, ಹುಲ್ಲು ತುಂಬ್ವ ಅಂದ. ಮಧ್ಯಾಹ್ನದಿಂದ ಸಂಜೆವರೆಗೆ ಕಾಡಿನ ಬದಿಗೆ ಹುಲ್ಲಲ್ಲೇ ಕುಂತು ತುಂಬ್ದ. ಒಂದು ವಾಸನೆ ಬತ್ತಿತ್ತು. ಎಂತದೋ ದನ ಸತ್ತದೆ ಅಂದ್ಕಂಡ್ವಿ. ಆಮೇಲೆ ಅಲ್ಲೇ ಮಂಗ ಸತ್ತದ್ದು ಸಿಕ್ತು ಅಂದ್ರು."

"ಯಾಕೆ ಹೇಳಲಿಲ್ಲ?"

"ಎಂತ ಹೇಳೂದು? ಟಯರಿನ ವಿಷಯ ನಿಂಗೆ ಹೇಳ್ಬೇಡ ಅಂದಿದ್ದ ಅಂವ. ಗಾಳಿ ಟಯರು ಬೇಡಾಗಿತ್ತು ಅಂತ ಗೊತ್ತಾದ್ರೆ ಅವ್ಳು ಬೇಜಾರು ಮಾಡ್ಕಂತಾಳೆ ಅಂದ."

ವೀರಪ್ಪ ಹುಲ್ಲನ್ನು ಎಳೆದೆಳೆದು ನೆಲಕ್ಕೆ ಹಾಕುತ್ತಿದ್ದ. ಅದು ಬರುತ್ತಲೇ ಇತ್ತು. ಒಂದು ಚಕ್ರದೊಳಗೆ ಇಷ್ಟೊಂದು ಹಿಡಿಸಬಹುದೆಂದು ಅವಳು ಎಣಿಸಿರಲಿಲ್ಲ. ಅವಳ ಕಣ್ಣಿನಿಂದ ಏನೂ ಬರಲಿಲ್ಲ. ಹತ್ತು ತಿಂಗಳು ಹೆಬ್ಬೆರಳು ಒತ್ತಿದ್ದು ಈ ಹುಲ್ಲನ್ನು. ಆಸ್ಪತ್ರೆಯವರು ಕೇಳಿದ್ದಕ್ಕೆ ಉತ್ತರವೂ ಅಲ್ಲೇ ಇತ್ತು, ಕೊಟ್ಟಿಗೆಯ ಪಕ್ಕದಲ್ಲಿ.

"ಎರಡಕ್ಕೂ ಸಾಲಿಡ್ ಹಾಕಿ," ಎಂದಳು.

ಕೆರಿಯ ತಲೆಯೆತ್ತಿದ. "ಫ್ರೇಮು ತಡೆಯುದಿಲ್ಲ ಅಂತ ಅವಂಗೆ ನೀನೇ ಅಂದದ್ದಲ್ದಾ?"

"ಹೌದು, ತಡೆಯುವುದಿಲ್ಲ."

"ಮತ್ತೆ?"

"ಹುಲ್ಲಲ್ಲಿ ಯಾರೂ ಕೂರಬೇಕಾಗುವುದಿಲ್ಲ."

ಎರಡು ದಿನ ಬಿಟ್ಟು ನಿಲ್ಕುಂದಕ್ಕೆ ಹೋದರು. ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಕೇಂದ್ರದವರು ಹಂಚಿದ ಎಣ್ಣೆಯ ಬಾಟಲಿಯನ್ನು ರಕ್ಷಿತಾ ಮರೆಯದೆ ತಂದಿದ್ದಳು. ಕೆರಿಯನ ಕೈಕಾಲಿಗೆ ಹಚ್ಚಿಸಿ, ಬಾಟಲಿಯನ್ನು ಟ್ರ್ಯಾಕ್ಟರಿನ ಸೀಟಿನ ಪಕ್ಕಕ್ಕೆ ಸಿಕ್ಕಿಸಿದಳು. ತಾನು ಬೇಣದ ಬೇಲಿಯ ಹೊರಗೆ, ದಾರಿಯ ಮೇಲೆ ನಿಲ್ಲುವವಳಾದ್ದರಿಂದ ಹಚ್ಚಿಕೊಳ್ಳಲಿಲ್ಲ.

ಯಂತ್ರ ಹುಲ್ಲಿಗೆ ಇಳಿಯಿತು. ಮುಳ್ಳು, ಕೂಳೆ ಯಾವುದಕ್ಕೂ ನಿಲ್ಲಲಿಲ್ಲ. ಆದರೆ ಅದರ ಕುಲುಕಾಟ ದಾರಿಯವರೆಗೆ ಕೇಳುತ್ತಿತ್ತು, ಅವಲಕ್ಕಿ ಕುಟ್ಟಿದ ಹಾಗೆ. ಕೊಯ್ದ ಹುಲ್ಲು ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ. ಹೆಗಡೆಯವರು ಎಲೆಯಡಿಕೆಯ ಕವಳ ಉಗುಳಿ, "ಕುರಿ ಮೇಯ್ದ ಹಂಗೆ ಆತಲೇ" ಎಂದರು. ಬೈಗುಳವೇನೂ ಅಲ್ಲ. ಕಾಲುಭಾಗವೂ ಮುಗಿದಿರಲಿಲ್ಲ, ಇಳಿಜಾರಿನ ಕಲ್ಲಿನ ಮೇಲೆ ಹತ್ತಿ ಇಳಿಯುವಾಗ ಸದ್ದು ಬೇರೆಯಾಯಿತು. ಟ್ರ್ಯಾಕ್ಟರು ನಿಂತಿತು.

ಅವಳು ಕಾಗದದ ಮೇಲೆ ಗುರುತು ಮಾಡಿದ್ದ ಜಾಗದಲ್ಲೇ, ನಾಲ್ಕು ವರ್ಷ ದುಡಿದು ಸವೆದಿದ್ದ ಫ್ರೇಮು ಬಾಯಿ ಬಿಟ್ಟಿತ್ತು.

"ಇರಲಿ ಬಿಡು ಮಾರಾಯ್ತಿ," ಎಂದರು ಹೆಗಡೆಯವರು. "ಉಳಿದದ್ದನ್ನ ಆಳು ಹಚ್ಚಿ ಕೊಯ್ಸ್ತೆ. ನಿಂಗೆ ಎಂತ ಮಾಡ್ಲಿಕ್ಕೆ ಆಗ್ತದೆ?" ಅವರು ಮನೆಯ ಕಡೆ ನಡೆದರು. ಯಂತ್ರದ ಮೂತಿಗೆ ಕಟ್ಟಿದ್ದ ಹಿಡಿಹುಲ್ಲು ಕುಲುಕಾಟಕ್ಕೆ ಎಲ್ಲೋ ಬಿದ್ದುಹೋಗಿತ್ತು. ಸುನೀಲನಿಗೆ ಹೇಳಬೇಕಾದ ಮಾತು 'ಕೊಡು' ಎಂಬ ಒಂದೇ ಶಬ್ದದ್ದು, ಅದನ್ನು ಆಗಲೇ ಹೇಳಿಯಾಗಿತ್ತು.

ಕೆರಿಯ ತಂತಿಯ ಸುರುಳಿ ತೆಗೆದುಕೊಂಡು ಯಂತ್ರದ ಅಡಿಗೆ ಅಂಗಾತ ಮಲಗಿದ.

"ಏಳು ಕೆರಿಯಣ್ಣ. ಇಲ್ಲೇ ಬಿಟ್ಟು ಹೋಗುವ."

"ಬಿಟ್ಟು ಹೋಗೂಕಾತದ? ಕಟ್ಟದಿದ್ರೆ ಎಳೆಯೂಕೂ ಬರೂದಿಲ್ಲ, ಎರಡು ತುಂಡಾತದೆ."

"ನಾನು ಕಟ್ತೇನೆ."

"ನಿಂಗೆ ಈ ಗಂಟು ಬರೂದಿಲ್ಲ. ಬೇಕಾದ್ರೆ ಆ ಬದಿಂದ ಪೈಪು ಎತ್ತಿ ಹಿಡಿ. ಬೇಗ ಆತದೆ."

ಅವಳು ಬೇಲಿ ದಾಟಿ ಬಂದಳು. ಆಚೆ ಬದಿಯಿಂದ ತೂರಿ, ಬೆನ್ನ ಮೇಲೆ ಮಲಗಿ, ಎರಡೂ ಕೈಯಿಂದ ಪೈಪು ಎತ್ತಿ ಹಿಡಿದಳು. ಕೊಯ್ಯದೆ ಉಳಿದ ಹುಲ್ಲು ಕುತ್ತಿಗೆಗೂ ಕಿವಿಗೂ ತಾಗುತ್ತಿತ್ತು. ಕೆರಿಯ ಒಂದೊಂದೇ ಸುತ್ತು ತಂತಿ ಸುತ್ತುತ್ತಿದ್ದ. ಅವಳ ಕೈಗೆ ಬಿಡುವಿರಲಿಲ್ಲ. ಎಣ್ಣೆಯ ಬಾಟಲಿ ಟ್ರ್ಯಾಕ್ಟರಿನ ಸೀಟಿನ ಪಕ್ಕದಲ್ಲೇ ಇತ್ತು.