ಕಂಕುಳಿನ ಬೆಳಕು

ಯದುಗಿರಿಯ ಬಣ್ಣದ ಪೆಟ್ಟಿಗೆಯಲ್ಲಿ ಕಪ್ಪು ಬಣ್ಣವೇ ಇರಲಿಲ್ಲ. ಬರೆಯುವುದೆಲ್ಲ ರಾತ್ರಿಯ ಚಿತ್ರ, ಪೆಟ್ಟಿಗೆಯಲ್ಲಿ ಕಪ್ಪೇ ಇಲ್ಲ, ಇದೊಳ್ಳೆ ಉಪ್ಪಿಲ್ಲದ ಅಡುಗೆಮನೆ ಎಂದು ಗಂಡ ರಘುರಾಮ್ ಅರಸೀಕೆರೆಯ ತುಂಬ ಹೇಳಿಕೊಂಡು ತಿರುಗಿದ್ದ. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಬೇಲೂರಿನ ಗುಡಿಯಲ್ಲಿ ಕೈಂಕರ್ಯಕ್ಕಿದ್ದ ಅಪ್ಪ ರಾತ್ರಿ ಬಾಗಿಲು ಹಾಕಿ ಮನೆಗೆ ಬರುವಾಗ ಅವರ ಬೆರಳು ಹಿಡಿದು ನಡೆದ ಹುಡುಗಿ ಅವಳು. ಕತ್ತಲು ಕಪ್ಪಲ್ಲ, ನೀಲಿಗೆ ಕಂದು ಕಲೆಸಿ ಚೂರು ಹಸಿರು ಹಾಕಿದರೆ ಬರುವಂಥದು ಎಂದು ಅವಳ ಕಣ್ಣಿಗೆ ಆಗಲೇ ಗೊತ್ತಾಗಿತ್ತು. ಹಳೇಬೀಡಿನ ಕೆರೆ ಏರಿಯಿರಲಿ, ಅರಸೀಕೆರೆ ಸ್ಟೇಷನ್ನಿನ ನಡುರಾತ್ರಿಯ ಪ್ಲಾಟ್‌ಫಾರಂ ಇರಲಿ, ಮೊದಲು ಅರ್ಧ ಗಂಟೆ ಫೋನು ಆರಿಸಿ ಸುಮ್ಮನೆ ಕೂರುತ್ತಿದ್ದಳು. ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಕಂಡಿದ್ದನ್ನು ಬರೆಯಬೇಕು, ಕಾಣದ್ದನ್ನು ಬರೆಯಕೂಡದು. ಅದೊಂದೇ ಅವಳ ನೇಮ.

ಆ ನೇಮವೇ ಹುಚ್ಚಮ್ಮನ ವಿಷಯದಲ್ಲಿ ಅವಳ ಕುತ್ತಿಗೆಗೆ ಬಂತು.

ಹಾರನಹಳ್ಳಿಯ ಶಾಲೆಯಲ್ಲಿ ಯದುಗಿರಿ ಡ್ರಾಯಿಂಗ್ ಟೀಚರು, ಹುಚ್ಚಮ್ಮ ಬಿಸಿಯೂಟದ ಅಡುಗೆಯವಳು. ಹುಚ್ಚಮ್ಮನ ಗಂಡ ಲಕ್ಕಪ್ಪ ತೀರಿಕೊಂಡು ವರ್ಷ ತುಂಬಲು ಇನ್ನು ಹದಿನೈದು ದಿನವಿತ್ತು. ತಿಥಿಗೆ ಎಡೆ ಇಡಲು ಅವನದೊಂದು ಫೋಟೋ ಇರಲಿಲ್ಲ, ವೋಟಿನ ಕಾರ್ಡಿನದು ಬಿಟ್ಟರೆ.

"ಅದ್ನೇ ದೊಡ್ಡದು ಮಾಡ್ಸಾನ ಅಂತಾನೆ ಮಗ," ಎಂದಳು ಹುಚ್ಚಮ್ಮ, ಸಾರಿನ ಪಾತ್ರೆ ತಿಕ್ಕುತ್ತ. "ಅದ್ರಾಗೆ ಪೊಲೀಸ್ರು ಹಿಡ್ಕಂಡೋದ ಕಳ್ಳನ್ ಥರ ಅವ್ರೆ. ನಮ್ ಯಜಮಾನ್ರು ಹಂಗಿರ್ನಿಲ್ಲ ಟೀಚರಮ್ಮ. ನೀವು ಬರ್ಕೊಡಿ."

"ನಾನು ಮುಖ ಬರೆಯೋಳಲ್ಲ ಹುಚ್ಚಮ್ಮ, ರಾತ್ರಿ ಬರೆಯೋಳು. ಕತ್ತಲಲ್ಲಿ ಮುಖ ಎಲ್ಲಿ ಕಾಣುತ್ತೆ ಹೇಳಿ?"

"ನಂಗೂ ಅವ್ರು ಕಾಣ್ತಿದ್ದಿದ್ದು ರಾತ್ರೀನೇ ಅಲ್ವಾ? ಪಂಪಿಗೆ ಕರೆಂಟ್ ಬರದು ರಾತ್ರಿ ಹನ್ನೊಂದಕ್ಕೆ. ಅವ್ರು ತೆಂಗಿಗೆ ನೀರು ಕಟ್ಟಕ್ಕೋಗೋರು, ನಾನು ಬಾಗ್ಲಾಗೆ ಕುಂತು ಬ್ಯಾಟ್ರಿ ಬೆಳಕು ನೋಡೋಳು. ಬೆಳಕು ಓಡಾಡ್ತೈತೆ ಅಂದ್ರೆ ಹಾವು ಗೀವು ಮುಟ್ಟಿಲ್ಲ ಅಂತ. ಮೂವತ್ತು ವರ್ಷ ಅದೇ ನೋಡಿವ್ನಿ."

ಯದುಗಿರಿಗೆ ಆಗಲ್ಲ ಎನ್ನಲು ಬಾಯಿ ಬರಲಿಲ್ಲ.

ಮೂರು ರಾತ್ರಿ ಅವಳು ಹುಚ್ಚಮ್ಮನ ಮನೆಯ ಹೊಸ್ತಿಲಲ್ಲಿ ಕೂತಳು. ಈಗ ನೀರು ಕಟ್ಟುತ್ತಿದ್ದವನು ಮಗ ಶಿವಪ್ರಕಾಶ. "ಮೇಡಂ, ಮುಖ ಇಲ್ದಿರೋ ಫೋಟೋಗೆ ಹಾರ ಎಲ್ಲಿಗ್ ಹಾಕದು?" ಎಂದು ನಕ್ಕು ತೋಟಕ್ಕೆ ಇಳಿದ. ಹುಚ್ಚಮ್ಮ ಒಳಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಗಂಡ ಹೋದ ಮೇಲೆ ಅವಳು ರಾತ್ರಿ ಬಾಗಿಲಲ್ಲಿ ಕೂತವಳೇ ಅಲ್ಲ.

ಚಿತ್ರ ಬಂತು ನೋಡಿ! ತೆಂಗಿನ ಸಾಲು, ಅದರ ಹಿಂದೆ ಮಾಸಿದ ಆಕಾಶ, ಸಾಲಿನ ನಡುವೆ ಮರದಿಂದ ಮರಕ್ಕೆ ಹಾಯುವ ಒಂದು ಬೆಳಕು. ಇಷ್ಟು ವರ್ಷದಲ್ಲಿ ಇಂಥದು ಬಂದಿರಲಿಲ್ಲವೆಂದು ಯದುಗಿರಿ ಒಳಗೊಳಗೇ ಬೀಗಿದಳು. ಹಳೆಯ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಗುವನ್ನು ಕೂರಿಸಿಕೊಂಡಂತೆ ತೊಡೆಯ ಮೇಲಿಟ್ಟುಕೊಂಡು ಶಾಲೆಗೆ ತಂದಳು. ತಿಥಿಗೆ ಆರು ದಿನ ಉಳಿದಿತ್ತು.

ಹುಚ್ಚಮ್ಮ ಕೈ ಒರೆಸಿಕೊಂಡು ಬಂದು ನೋಡಿದಳು. ಬಹಳ ಹೊತ್ತು ನೋಡಿದಳು.

"ಸಂದಾಗೈತೆ," ಎಂದಳು. "ಆದ್ರೆ ಇದು ನನ್ ಮಗ."

"ಅಂದ್ರೆ?"

"ಸಿವಪ್ರಕಾಸ ಹಣೆಗೆ ಬ್ಯಾಟ್ರಿ ಕಟ್ಕತಾನೆ. ನೋಡಿ, ಬೆಳಕು ಮ್ಯಾಲೈತೆ, ಮರಕ್ಕೆ ಹೊಡಿತೈತೆ. ಅವ್ರು ಕಂಕುಳಾಗೆ ಅವಚ್ಕಳೋರು. ಗುದ್ದಲಿಗೆ ಎರಡು ಕೈಯೂ ಬೇಕಲ್ಲ? ಬೆಳಕೆಲ್ಲ ಕಾಲಿನ್ ಮ್ಯಾಲೇ ಬೀಳದು. ನಂಗೆ ಕಾಣ್ತಿದ್ದಿದ್ದು ಆ ಎರಡು ಕಾಲೇಯ."

ಯದುಗಿರಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವಳು ನೇಮ ತಪ್ಪಿರಲಿಲ್ಲ, ಕಂಡಿದ್ದನ್ನೇ ಬರೆದಿದ್ದಳು. ಆದರೆ ಕಂಡವಳು ತಾನು. ಮೂವತ್ತು ವರ್ಷ ಕಂಡವಳು ಗೋಡೆಯಾಚೆ ಮಲಗಿದ್ದರೂ ಒಂದು ಮಾತು ಕೇಳಬೇಕೆಂದು ಈ ಮಹಾ ಕಲಾವಿದೆಗೆ ಹೊಳೆದಿರಲಿಲ್ಲ. ಈಗ ಆ ಕಾಲುಗಳನ್ನು ಎಲ್ಲಿಂದ ತರುವುದು? ಕಾಣದ್ದನ್ನು ಅವಳು ಬರೆಯುವಂತಿಲ್ಲ.

ತಾಯಿಯನ್ನು ಕರೆದೊಯ್ಯಲು ಬೈಕಿನಲ್ಲಿ ಬಂದಿದ್ದ ಶಿವಪ್ರಕಾಶ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಚಿತ್ರದೊಳಗಿನ ಬೆಳಕನ್ನೊಮ್ಮೆ, ಅವ್ವನನ್ನೊಮ್ಮೆ ನೋಡಿದ. ಈ ಸಲ ನಗಲಿಲ್ಲ.

"ಅಪ್ಪಯ್ಯನ ಬ್ಯಾಟ್ರಿ ಅಟ್ಟದ ಮೇಲೈತೆ," ಎಂದ. "ಹೊಸ ಸೆಲ್ಲು ಹಾಕ್ತೀನಿ. ರಾತ್ರಿಗೆ ಬನ್ನಿ ಮೇಡಂ."

ಆ ರಾತ್ರಿ ಹೊಸ್ತಿಲಲ್ಲಿ ಇಬ್ಬರೂ ಕೂತರು. ಹುಚ್ಚಮ್ಮ ಮೊದಲು ಒಲ್ಲೆ ಎಂದಳು. ಯದುಗಿರಿಯೇ ಕೈ ಹಿಡಿದು ಎಳೆದುಕೊಂಡು ಬಂದಳು. ಹನ್ನೊಂದಕ್ಕೆ ಪಂಪು ಸದ್ದು ಮಾಡಿತು. ತೋಟದಲ್ಲಿ ಬೆಳಕು ಹತ್ತಿಕೊಂಡಿತು, ನೆಲಕ್ಕೆ ಅಂಟಿಕೊಂಡಂತೆ, ಗುಬ್ಬಿ ಗೂಡಿನಷ್ಟೇ ಬೆಳಕು. ಅದರೊಳಗೆ ಕೆಸರು ಮೆತ್ತಿದ ಎರಡು ಕಾಲು. ಉಳಿದ ಮನುಷ್ಯನೆಲ್ಲ ಕತ್ತಲಲ್ಲಿದ್ದ.

ಹುಚ್ಚಮ್ಮ ಮುಂದಕ್ಕೆ ಬಗ್ಗಿ ನೋಡಿದಳು. ತಡೆಯಲಾಗದೆ ಕೂಗಿದಳು: "ಎಡಗಂಕುಳ ಕಣ್ಲಾ ಸಿವಾ!"

ಬೆಳಕು ಒಂದು ಕ್ಷಣ ನಿಂತಿತು. ಎಡಕ್ಕೆ ಬಂತು. ಎಡಗಾಲು ಬೆಳಗಿ, ಬಲಗಾಲು ಅರ್ಧ ಮರೆಯಾಯಿತು. ಹುಚ್ಚಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಗಂಡ ಸತ್ತ ದಿನವೂ ಅವಳು ಅತ್ತಿರಲಿಲ್ಲವೆಂದು ಊರಿನವರು ಆಡಿಕೊಂಡಿದ್ದರು. ಯದುಗಿರಿ ಅವಳ ಬೆನ್ನ ಮೇಲೆ ಎಡಗೈ ಇಟ್ಟು ಬಲಗೈಯಲ್ಲಿ ಬರೆದಳು. ತನ್ನ ಕಣ್ಣೂ ಮಂಜಾಗುತ್ತಿತ್ತು, ಒರೆಸಿಕೊಳ್ಳುತ್ತ ಬರೆದಳು.

ತಿಥಿಯ ದಿನ ಮಣೆಯ ಮೇಲೆ ಚಿತ್ರವಿಟ್ಟರು. ಮುಂದೆ ಎಲೆ ಹಾಕಿ ಮುದ್ದೆ, ಕಾಳಿನ ಸಾರು, ಕಡುಬು, ಲಕ್ಕಪ್ಪನಿಗೆ ಇಷ್ಟವಿದ್ದದ್ದೆಲ್ಲ ಬಡಿಸಿದರು. ನೆಂಟರು ಬಗ್ಗಿ ಬಗ್ಗಿ ನೋಡಿದರು. "ಏನ್ಲಾ ಸಿವಾ, ಮುಖಾನೇ ಇಲ್ವಲ್ಲಾ?" ಎಂದ ಚಿಕ್ಕಪ್ಪ ತಮ್ಮಯ್ಯ.

"ಕಾಲು ನೋಡು ಚಿಕ್ಕಪ್ಪ," ಎಂದ ಶಿವಪ್ರಕಾಶ.

ತಮ್ಮಯ್ಯ ನೋಡಿದ. "ಅಣ್ಣಯ್ಯ," ಎಂದು ಕೈ ಮುಗಿದ. ಮೂಲೆಯಲ್ಲಿ ನಿಂತಿದ್ದ ಯದುಗಿರಿಗೆ ಅಷ್ಟು ದಿನ ಕಟ್ಟಿಕೊಂಡಿದ್ದ ಉಸಿರು ಬಿಡುವಂತಾಯಿತು.

ಶಿವಪ್ರಕಾಶ ಹಾರ ಎತ್ತಿದ. ಹುಚ್ಚಮ್ಮ ಅವನ ಕೈ ಹಿಡಿದು ತಡೆದಳು. ಚಿತ್ರದ ಹತ್ತಿರ ಮಂಡಿಯೂರಿ, ಬೆಳಕಿನಿಂದಾಚೆಗಿದ್ದ ತೆಂಗಿನ ಸಾಲುಗಳನ್ನು ಬೆರಳಿನಿಂದ ಎಣಿಸಿದಳು.

"ಇನ್ನೂ ಎರಡು ಸಾಲಿಗೆ ನೀರು ಕಟ್ಟದೈತೆ ಅವ್ರಿಗೆ," ಎಂದಳು. "ಹಾರ ಈಗ್ಲೇ ಬ್ಯಾಡ. ಎಡೆ ಮ್ಯಾಲೆ ತಟ್ಟೆ ಮುಚ್ಚಿಡ್ಲಾ, ಅವ್ರು ಬರಾಗಂಟ ಆರೋಯ್ತದೆ."