ಐವತ್ತೆಂಟರ ಹೆಬ್ಬೆಟ್ಟು

ಚನ್ನವ್ವನಿಗೆ ಸಿಟ್ಟು ಬಂದರೆ ಗೊಳಸಂಗಿಯ ನಾಯಿಗಳೂ ಓಣಿ ಬದಲಿಸುತ್ತವೆ ಎಂದು ಅವಳ ಗಂಡ ಬದುಕಿದ್ದಾಗ ನಗೆಯಾಡುತ್ತಿದ್ದ. ಅದು ಬೈದು ಮುಗಿಸುವ ಸಿಟ್ಟು. ಜೋಳದ ಹಿಟ್ಟು ನಾದುವಷ್ಟರಲ್ಲಿ ಇಳಿದುಹೋಗುತ್ತಿತ್ತು. ಆದರೆ ಆ ಬುಧವಾರ ಬಿಜಾಪುರದಿಂದ ಬಸ್ಸಿನಲ್ಲಿ ಊರಿಗೆ ಬರುವಾಗ ಬಂದಿದ್ದ ಸಿಟ್ಟು ಅಂಥದ್ದಲ್ಲ. ಬಾಯಿ ತೆರೆದರೆ ಏನು ಹೊರಬೀಳುತ್ತದೋ ಎಂದು ತನಗೇ ಅಂಜಿಕೆಯಾಗಿ, ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಸೀಟಿನ ಮೇಲೆ ಒಂದು ಕಡೆ ವಾಲಿ ಕೂತಿದ್ದಳು. ನೆಟ್ಟಗೆ ಕೂರಲು ಅವಳಿಗೆ ಆಗುತ್ತಿರಲಿಲ್ಲ. ಪಕ್ಕದಲ್ಲಿ ಸೊಸೆ ಸುನಂದಾ ಕಾಗದದ ಚೀಲ ಹಿಡಿದು ಕೂತಿದ್ದಳು.

ಬಿಜಾಪುರದಲ್ಲಿ ಆದದ್ದು ಇಷ್ಟು. ದವಾಖಾನೆಯ ಡಾಕ್ಟರಮ್ಮ ಪರೀಕ್ಷೆ ಮಾಡಿ, ಗರ್ಭಚೀಲ ಪೂರಾ ಕೆಳಗಿಳಿದಿದೆ, ಹುಣ್ಣೂ ಆಗಿದೆ, ಇನ್ನೊಂದು ತಿಂಗಳೊಳಗೆ ಆಪರೇಷನ್ ಆಗದಿದ್ದರೆ ಜೀವಕ್ಕೆ ಕುತ್ತು ಎಂದಿದ್ದಳು. ಆಪರೇಷನ್ನಿನ ಭಾರ ಹೊರಬೇಕಾದದ್ದು 'ಸಂಜೀವರಕ್ಷಾ' ಎಂಬ ಖಾಸಗಿ ಆರೋಗ್ಯ ವಿಮೆಯ ಕಂಪನಿ. ಅತ್ತೆ ಸೊಸೆ ಅದರ ಆಫೀಸಿಗೆ ಹೋದರೆ, ಟೈ ಕಟ್ಟಿದ ಅಧಿಕಾರಿಯೊಬ್ಬ ಫೈಲು ತಿರುವಿ ಹಾಕಿ ನಕ್ಕುಬಿಟ್ಟ.

"ಅಜ್ಜಿ, ಇದರಾಗ ನಿಮ್ಮ ವಯಸ್ಸು ಐವತ್ತೆಂಟು ಐತಿ. ವಾರಸುದಾರ ಅಂತ ಬರಸಿದ ಮಗನ ವಯಸ್ಸು ನಲವತ್ತೊಂಬತ್ತು. ಒಂಬತ್ತು ವರ್ಷದಾಕಿ ಇದ್ದಾಗ ಹಡದೀರೇನು?"

ಅಕ್ಕಪಕ್ಕದ ಮೇಜಿನವರೂ ನಕ್ಕರು. ನಗು ಮುಗಿದ ಮೇಲೆ ಅವನು ಒಂದು ಕಾಗದ ಕೊಟ್ಟ. ಈಕೆ ವಯಸ್ಸು ಮುಚ್ಚಿಟ್ಟಿದ್ದಾಳೆ, ದವಾಖಾನೆಯ ವರದಿಯಂತೆ ಅರವತ್ತೇಳು ದಾಟಿದೆ, ರೋಗವೂ ಹಳೆಯದು, ಆದ್ದರಿಂದ ಪಾಲಿಸಿ ರದ್ದು ಎಂದು ಅದರಲ್ಲಿ ಬರೆದಿತ್ತು. ಪಾಲಿಸಿ ರದ್ದಾಗಿದ್ದಕ್ಕಿಂತ ಆ ನಗು ಚನ್ನವ್ವನನ್ನು ಸುಟ್ಟಿತು. ಐದು ಹಡೆದು ಮೂವರನ್ನು ಉಳಿಸಿಕೊಂಡ ಹೆಂಗಸು ಅವಳು. ಅವಳ ಹೆರಿಗೆಯ ಲೆಕ್ಕ ಹಿಡಿದು ನಗಲು ಈ ಟೈಯವರಿಗೆ ಅಧಿಕಾರ ಕೊಟ್ಟವರು ಯಾರು?

ಕೊಟ್ಟವನು ಅನಿಲ. ಅವಳ ತಮ್ಮನ ಮಗ.

ಹಿಂದಿನ ವರ್ಷದವರೆಗೆ ಚನ್ನವ್ವನ ಹತ್ತಿರ ಸರ್ಕಾರದ ಹಿರಿಯರ ಆರೋಗ್ಯ ಚೀಟಿ ಇತ್ತು. ಅರವತ್ತೈದು ತುಂಬಿದವರಿಗೆ ಸರ್ಕಾರಿ ದವಾಖಾನೆಯಲ್ಲಿ ಔಷಧ, ಆಪರೇಷನ್ ಎಲ್ಲ ಪುಕ್ಕಟೆ. ಚೀಟಿ ಮಾಡುವವರು ಊರ ಚಾವಡಿಗೆ ಬಂದಾಗ ಹುಟ್ಟಿದ ತಾರೀಖು ಕೇಳಿದ್ದರು. ಗೊಳಸಂಗಿಯ ಆ ವಾರಿಗೆಯ ಹೆಂಗಸರಿಗೆ ತಾರೀಖು ಎಲ್ಲಿಂದ ಬರಬೇಕು? ಬರ ಬಿದ್ದದ್ದು, ಹೊಳೆ ಉಕ್ಕಿದ್ದು, ಪ್ಲೇಗಿಗೆ ಊರು ಬಿಟ್ಟದ್ದು, ಇವೇ ಅವರ ಪಂಚಾಂಗ. ಚನ್ನವ್ವ ತನ್ನದನ್ನು ಹೇಳಿದ್ದಳು. ಅವಳ ತವರು ತಾಳಿಕೋಟಿ ಕಡೆಯ ಹಳ್ಳಿ. ರಜಾಕಾರರ ಗದ್ದಲದಲ್ಲಿ ಆಚೆ ಸೀಮೆಯ ಜನ ಮಕ್ಕಳು ಮರಿ ಕಟ್ಟಿಕೊಂಡು ಬಂದು ಊರ ಗುಡಿಯಲ್ಲಿ ಇಳಿದಾಗ, ಅವ್ವ ಬಡಿದ ರೊಟ್ಟಿಯ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಅವರಿಗೆ ಒಯ್ದು ಕೊಟ್ಟಿದ್ದಳು. ಆಗ ಅವಳಿಗೆ ಒಂಬತ್ತು ವರ್ಷ. ಗುಮಾಸ್ತ ಬೆರಳು ಮಡಚಿ ಎಣಿಸಿ ಅರವತ್ತೈದು ಎಂದು ಬರೆದುಕೊಂಡ. ಆ ಹಳದಿ ಚೀಟಿಯನ್ನು ಅವಳು ದೇವರ ಜಗಲಿಯ ಮೇಲೆ, ವಿಭೂತಿ ಗಟ್ಟಿಯ ಪಕ್ಕದಲ್ಲಿ ಇಟ್ಟಿದ್ದಳು.

ಅನಿಲ ಇರುವುದು ನಿಡಗುಂದಿಯಲ್ಲಿ, ಸಂಜೀವರಕ್ಷಾದ ಏಜೆಂಟ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೋಟರ್‌ಸೈಕಲ್ಲು, ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು. ಬಂದವನು ಅತ್ತೆಯ ಕಾಲು ಮುಟ್ಟಿ, ಸರ್ಕಾರಿ ದವಾಖಾನೆಯಲ್ಲಿ ನಿನ್ನನ್ನು ಯಾರು ಕೇಳುತ್ತಾರೆ, ಸಂಜೀವರಕ್ಷಾದಲ್ಲಿ ತಣ್ಣಗಿನ ಕೋಣೆ, ಬಿಳಿ ಹಾಸಿಗೆ, ಕರೆದಲ್ಲಿಗೆ ಡಾಕ್ಟರು ಎಂದು ಅಂಗೈಯಲ್ಲಿ ಸ್ವರ್ಗ ತೋರಿಸಿದ. ಒಂದೇ ತೊಡಕು. ಹೊಸಬರನ್ನು ಕಂಪನಿ ಅರವತ್ತರವರೆಗೆ ಮಾತ್ರ ಸೇರಿಸಿಕೊಳ್ಳುತ್ತಿತ್ತು. ಅದಕ್ಕೂ ಅವನ ಹತ್ತಿರ ಹಾದಿ ಇತ್ತು. ಗುರುತಿನವರು ತುಂಬಿರುವ ಬಸವನ ಬಾಗೇವಾಡಿಯನ್ನು ಬಿಟ್ಟು ಅವಳನ್ನು ಮುದ್ದೇಬಿಹಾಳಕ್ಕೆ ಕರೆದೊಯ್ದ. ಅಲ್ಲಿ ಕೋರ್ಟಿನ ಮುಂದೆ ಬೇವಿನ ಗಿಡದ ಕೆಳಗೆ ಟೈಪು ಮಾಡುವವನಿಂದ ಆಣೆಯ ಪ್ರಮಾಣಪತ್ರ ಬರೆಸಿದ: ಚನ್ನವ್ವನ ವಯಸ್ಸು ಐವತ್ತೆಂಟು.

ಚನ್ನವ್ವ ಇದೇನೋ ಎಂದು ಕೇಳದೆ ಇರಲಿಲ್ಲ. ವಯಸ್ಸು ಕಡಿಮೆಯಾದರೆ ಯಾವ ಹೆಣ್ಣುಮಗಳು ಅಳುತ್ತಾಳೆ ಅತ್ತಿ ಎಂದ ಅವನು. ಅವಳೂ ನಕ್ಕಳು. ಈಗ ಬಸ್ಸಿನಲ್ಲಿ ಆ ನಗು ನೆನಪಾಗಿ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ನಾಲ್ಕು ಕಡೆ ಹೆಬ್ಬೆಟ್ಟು ಒತ್ತಿದ್ದಳು. ನಾಲ್ಕನೆಯದು ಸರ್ಕಾರದ ಚೀಟಿ ವಾಪಸು ಕೊಡುವ ಕಾಗದ. ಎರಡು ದೋಣಿಯಲ್ಲಿ ಕಾಲಿಡಬಾರದು ಎಂದು ಅನಿಲ ಹೇಳಿದ್ದ. ಅದರಲ್ಲಿ ಏನು ಬರೆದಿದೆ ಎಂದು ಅವನು ಓದಿ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಎಲ್ಲ ಮುಗಿದ ಮೇಲೆ ತನ್ನ ಬಿಳಿ ಕೈವಸ್ತ್ರದಿಂದ ಅವಳ ಹೆಬ್ಬೆಟ್ಟಿನ ಮಸಿಯನ್ನು ತಾನೇ ಒರೆಸಿದ್ದ. ಹೊಟ್ಟೆಯಲ್ಲಿ ಹುಟ್ಟಿದವರೂ ಹೀಗೆ ಮಾಡಲಿಲ್ಲವಲ್ಲ ಎಂದು ಅವಳ ಕರುಳು ಕರಗಿತ್ತು. ಆ ತಿಂಗಳು ಇನ್ನೊಂದು ಪಾಲಿಸಿ ಮಾಡಿಸಿದ ಏಜೆಂಟರಿಗೆ ಕಂಪನಿಯಿಂದ ಸೂಟ್‌ಕೇಸು ಇನಾಮು ಇತ್ತು ಎಂಬುದು ತಿಳಿದದ್ದು ಆಮೇಲೆ.

ಇಷ್ಟು ಜಾಣ, ಫಾರ್ಮಿನಲ್ಲಿ ಚನ್ನವ್ವನ ಮಗ ಶ್ರೀಶೈಲಪ್ಪನ ವಯಸ್ಸನ್ನು ಮಾತ್ರ ಅವನ ಮತದಾರರ ಕಾರ್ಡು ನೋಡಿ ಇದ್ದದ್ದು ಇದ್ದಂತೆ ಇಳಿಸಿದ್ದ. ತಾಯಿಯನ್ನು ಸಣ್ಣವಳನ್ನಾಗಿ ಮಾಡಿದವನಿಗೆ ಮಗನನ್ನೂ ಸಣ್ಣವನನ್ನಾಗಿ ಮಾಡಬೇಕು ಎಂದು ಹೊಳೆಯಲಿಲ್ಲ. ಗುಂಡಿ ತೋಡಿದವನು ಅವನು, ಬಿದ್ದವಳು ಇವಳು.

ಮನೆಗೆ ಬಂದ ಮೇಲೆ ನೆರೆಮನೆಯ ರಹಿಮಾಬಿ ಬಂದು ಕೂತಳು. ಚನ್ನವ್ವನ ಬೇನೆ ಊರಲ್ಲಿ ಯಾರಿಗಾದರೂ ಗೊತ್ತಿದ್ದರೆ ಅವಳೊಬ್ಬಳಿಗೆ. ಅವಳಿಗೂ ಅದೇ ಬೇನೆ ಇತ್ತು. ಹೋದ ಮಳೆಗಾಲಕ್ಕೆ ಮೊದಲು ಇದೇ ಹಳದಿ ಚೀಟಿ ತೋರಿಸಿ ಬಿಜಾಪುರದ ಸರ್ಕಾರಿ ದವಾಖಾನೆಯಲ್ಲಿ ಆಪರೇಷನ್ ಮಾಡಿಸಿಕೊಂಡು ಬಂದು, ಈಗ ತೊಗರಿ ಹೊಲಕ್ಕೆ ನಡೆದುಕೊಂಡು ಹೋಗುತ್ತಿದ್ದಳು. ತಣ್ಣಗಿನ ಕೋಣೆ ಇರಲಿಲ್ಲ, ಆದರೆ ಹೊಲಿಗೆ ಗಟ್ಟಿಯಾಗಿ ಹಾಕಿದ್ದಾರೆ ಎಂದು ಹೇಳಿ, ಚೀಟಿಯನ್ನು ತಿರುಗಿ ಮಾಡಿಸು ಎಂದಳು.

ಮರುದಿನವೇ ಚನ್ನವ್ವ ಸುನಂದಾಳನ್ನು ಕರೆದುಕೊಂಡು ಬಸವನ ಬಾಗೇವಾಡಿಗೆ ಹೋದಳು. ಚೀಟಿಯ ಕಚೇರಿಯಲ್ಲಿ ಖಂಡೆಪ್ಪ ಎಂಬ ಹಿರಿಯ ಗುಮಾಸ್ತ. ಕನ್ನಡಕ ಮೂಗಿನ ತುದಿಗೆ ಇಳಿದಿತ್ತು, ಮಾತು ಕಡಿಮೆ. ಹಳೆಯ ಕಟ್ಟಿನಿಂದ ಒಂದು ಕಾಗದ ಹುಡುಕಿ ತೆಗೆದು ಓದಿ ಹೇಳಿದ. ನಾನು ವಯಸ್ಸನ್ನು ಸುಳ್ಳು ಹೇಳಿ ಚೀಟಿ ಪಡೆದಿದ್ದೆ, ನಿಜವಾಗಿ ನನಗೆ ಐವತ್ತೆಂಟು, ಆದ್ದರಿಂದ ವಾಪಸು ಕೊಡುತ್ತಿದ್ದೇನೆ. ಕೆಳಗೆ ಚನ್ನವ್ವನ ಹೆಬ್ಬೆಟ್ಟು, ಜತೆಗೆ ಮುದ್ದೇಬಿಹಾಳದ ಪ್ರಮಾಣಪತ್ರ.

ಬಿಜಾಪುರದಲ್ಲಿ ಮುದುಕಿ ಎಂದು ಹೊರಗೆ ಹಾಕಿದರು, ಬಾಗೇವಾಡಿಯಲ್ಲಿ ಹರೆಯದವಳು ಎಂದು ಒಳಗೆ ಬಿಡುತ್ತಿಲ್ಲ. ಚನ್ನವ್ವನಿಗೆ ಮೈಯೆಲ್ಲ ಉರಿಯಿತು. ಅನಿಲ ಅವಳ ವಯಸ್ಸನ್ನಷ್ಟೇ ಕದ್ದಿರಲಿಲ್ಲ, ಅವಳ ಹೆಬ್ಬೆಟ್ಟಿನಿಂದಲೇ ಅವಳನ್ನು ಸುಳ್ಳುಗಾತಿ ಎಂದು ಬರೆಸಿದ್ದ. ರೊಟ್ಟಿಯ ಬುಟ್ಟಿ ಹೊತ್ತದ್ದೂ ಸುಳ್ಳಾಗಿಹೋಯಿತು.

ಸುನಂದಾ ಕಂಪನಿಯ ಕಾಗದ ಮುಂದಿಟ್ಟಳು. ಖಂಡೆಪ್ಪ ಅದನ್ನು ಎರಡು ಸಲ ಓದಿದ. ವಯಸ್ಸಿಗೆ ಇದು ಒಳ್ಳೆಯ ಆಧಾರ, ಇದನ್ನು ಇಟ್ಟುಕೊಂಡು ಚೀಟಿ ಕೊಡಬಹುದು, ಆದರೆ ಆಣೆ ಮಾಡಿದ ಪ್ರಮಾಣಪತ್ರ ಇನ್ನೂ ನಿಂತಿದೆಯಲ್ಲ ಎಂದ. ಅದನ್ನು ಮುರಿಯಬೇಕಾದರೆ ಬರೆಸಿದವರು ಯಾರು, ಯಾಕೆ ಬರೆಸಿದರು ಎಂದು ಬರವಣಿಗೆಯಲ್ಲಿ ಕೊಡಬೇಕು. ಇಲ್ಲವಾದರೆ ಸುಳ್ಳಾಣೆ ಅವಳ ತಲೆಗೇ ಬರುತ್ತದೆ, ಸುಳ್ಳಾಣೆ ಮಾಡಿದವರಿಗೆ ಚೀಟಿ ಇಲ್ಲ.

ಊರ ಬಸ್ಸು ಹತ್ತದೆ ಚನ್ನವ್ವ ನೇರ ನಿಡಗುಂದಿಗೆ ನಡೆ ಎಂದಳು. ಅನಿಲ ಮನೆಯಲ್ಲೇ ಇದ್ದ. ವಿಷಯ ಕೇಳಿ ಅವನ ಮುಖದ ಬೆಣ್ಣೆ ಕರಗಿತು. ಕುರ್ಚಿ ಬಿಟ್ಟು ನೆಲಕ್ಕೆ ಕೂತು ಅವಳ ಕಾಲು ಹಿಡಿದುಕೊಂಡ. ತನ್ನ ಹೆಸರು ಬಂದರೆ ಏಜೆನ್ಸಿ ಹೋಗುತ್ತದೆ, ಕೇಸೂ ಆಗಬಹುದು, ನೀನು ಓದು ಬರದವಳು, ತಿಳಿಯದೆ ಹೇಳಿದೆ ಎಂದುಬಿಡು, ಮುದುಕಿಯನ್ನು ಯಾರೂ ಜೇಲಿಗೆ ಹಾಕುವುದಿಲ್ಲ ಎಂದ. ತಿಳಿಯದೆ ಹೇಳಿದೆ ಎಂದರೆ ಚೀಟಿ ಸಿಗುವುದಿಲ್ಲ ಎಂದು ಸುನಂದಾ ಹೇಳಿದ್ದಕ್ಕೆ ಅವನ ದನಿ ಬದಲಾಯಿತು.

"ತಪ್ಪು ನಂದೊಂದ ಏನು? ಇಷ್ಟು ವರ್ಷದ ಬ್ಯಾನಿ ಐತಿ ಅಂತ ನೀ ಯಾಕ ಬಾಯಿ ಬಿಡಲಿಲ್ಲ ಅತ್ತಿ? ಮೊದಲ ಹೇಳಿದ್ದಿ ಅಂದ್ರ ನಾ ಈ ಪಾಲಿಸಿ ಮಾಡಸ್ತಿದ್ದಿಲ್ಲ."

ಆ ಮಾತಿನಲ್ಲಿ ಅರ್ಧ ನಿಜವಿತ್ತು, ಅದಕ್ಕೇ ಸಿಟ್ಟು ಇಮ್ಮಡಿಯಾಯಿತು. ಫಾರ್ಮು ತುಂಬುವಾಗ ಏನಾದರೂ ರೋಗವಿದೆಯೇ ಎಂದು ಅವನು ಕೇಳಿರಲಿಲ್ಲ, ಇಲ್ಲ ಎಂದು ತಾನೇ ಬರೆದುಕೊಂಡಿದ್ದ. ಕೇಳಿದ್ದರೂ ಅವಳು ಹೇಳುತ್ತಿರಲಿಲ್ಲ. ಬೇರೆ ಯಾರಿಗಾದರೂ ಹೇಳಿದರೂ ಅವನಿಗೆ ಹೇಳುತ್ತಿರಲಿಲ್ಲ. ಯಾಕೆ ಎಂಬುದು ಅವಳಿಗೆ ಮಾತ್ರ ಗೊತ್ತಿತ್ತು.

"ಸೋಮವಾರ ಹತ್ತು ಗಂಟೇಕ ಬಾಗೇವಾಡಿಗೆ ಬಾ," ಅಂದಳು. "ನೀ ಬರಲಿಲ್ಲ ಅಂದ್ರ ನಾ ಒಬ್ಬಾಕೀನ ಹೇಳ್ತೇನಿ. ನಾ ಹೇಳೂದು ಇನ್ನೂ ಬಿರುಸು ಇರ್ತೈತಿ."

ಸೋಮವಾರ ಅನಿಲ ಬಂದ. ಅದೇ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು. ಕಚೇರಿಯಲ್ಲಿ ಚೀಟಿಗೆ ಬಂದ ಮುದುಕರ ಸಾಲು ಬಾಗಿಲು ದಾಟಿತ್ತು. ಚನ್ನವ್ವ ಬಾಯಿ ತೆರೆಯುವ ಮೊದಲೇ ಅವನು ಖಂಡೆಪ್ಪನಿಗೆ ನಮಸ್ಕಾರ ಹೊಡೆದು, ನಮ್ಮ ಅತ್ತೆಗೆ ವಯಸ್ಸಿನ ಅರಿವಿಲ್ಲ, ಒಂದೊಂದು ಕಡೆ ಒಂದೊಂದು ಹೇಳುತ್ತಾಳೆ, ಹಳೆಯ ತಲೆ, ತಾವು ಸುಧಾರಿಸಿಕೊಳ್ಳಬೇಕು ಎಂದು ನಗುತ್ತ ಶುರು ಮಾಡಿದ. ಸಾಲಿನಲ್ಲಿ ಯಾರೋ ನಕ್ಕರು. ಬಿಜಾಪುರದ್ದೇ ನಗು.

ಖಂಡೆಪ್ಪ ನಗಲಿಲ್ಲ. ಅರ್ಜಿಯ ಖಾನೆ ತುಂಬುತ್ತ, ಬೇನೆ ಯಾವಾಗಿನಿಂದ ಇದೆ ಎಂದು ಚನ್ನವ್ವನನ್ನೇ ಕೇಳಿದ. ಇಷ್ಟು ಗಂಡಸರ ನಡುವೆ ಅತ್ತೆ ಏನು ಹೇಳಿಯಾಳು ಎಂದು ಸುನಂದಾ ತಲೆ ತಗ್ಗಿಸಿದಳು. ಚನ್ನವ್ವ ತಗ್ಗಿಸಲಿಲ್ಲ. ಮೂವತ್ತು ವರ್ಷ ತಗ್ಗಿಸಿದ್ದು ಸಾಕಾಗಿತ್ತು.

"ಇವನ ವಯಸ್ಸು ಎಷ್ಟ ಕೇಳ್ರಿ," ಅಂದಳು.

ಅನಿಲ ಅರ್ಥವಾಗದೆ ಮೂವತ್ತು ಎಂದ.

"ನನ್ನ ಬ್ಯಾನಿಗೂ ಮೂವತ್ತ, ಬರಕೊಳ್ರಿ. ನಾ ಕಡೀ ಮಗಳನ್ನ ಹಡ್ಯಾಕ ತವರಿಗೆ ಹೋಗಿದ್ದೆ. ನಾ ಹಡದ ಹದಿನೈದು ದಿನಕ್ಕ ಇವ ಹುಟ್ಟಿದ. ಇವರವ್ವಗ ತಾಯಿ ಇದ್ದಿದ್ದಿಲ್ಲ. ಬಾಣಂತನ ಮಾಡಾಕ ಮನ್ಯಾಗ ಮತ್ತೊಂದು ಹೆಣ್ಣಜೀವ ಇದ್ದಿದ್ದಿಲ್ಲ. ಹಸೀ ಬಾಣಂತಿ ನಾ, ಬಾವಿಯಿಂದ ನೀರು ಹೊತ್ತು, ಕುದಿಯೂ ಹಂಡೇ ಇಳಿಸಿ, ಇವಗ ಇವರವ್ವಗ ಎರದೆ. ಹನ್ನೊಂದನೇ ದಿನ ಹಂಡೇ ಎತ್ತೂವಾಗ ಒಳಗ ಹರದಂಗಾತು. ಅವತ್ತು ಇಳದದ್ದು ಇವತ್ತಿನತನಾ ಮ್ಯಾಲ ಏರಿಲ್ಲ. ಇವರವ್ವ ಕೊರಗಬಾರದು ಅಂತ ಮನ್ಯಾಗ ಯಾರಿಗೂ ಹೇಳಲಿಲ್ಲ. ಇವಗಂತೂ ಹೇಳಬಾರದು ಅಂತ ಇದ್ದೆ."

ಚನ್ನವ್ವ ಅನಿಲನ ಕಡೆ ತಿರುಗಿದಳು.

"ಯಾಕ ಹೇಳಲಿಲ್ಲ ಅಂತ ಕೇಳಿದ್ದಿಯಲ್ಲ, ಅದಕ್ಕ ಹೇಳಲಿಲ್ಲ. ಈಗ ಬರಿ. ಯಾರು ಬರಸಿದ್ದು, ಯಾಕ ಬರಸಿದ್ದು, ಸೂಟ್‌ಕೇಸಿನ ಸುದ್ದಿ ಸೈತ ಬರಿ."

ಖಂಡೆಪ್ಪ ಒಂದು ಬಿಳಿ ಹಾಳೆಯನ್ನು ಅನಿಲನ ಮುಂದೆ ಸರಿಸಿದ. ಅನಿಲ ನಿಂತೇ ಬರೆದ. ಮೊದಲ ಎರಡು ಸಾಲು ಸರಸರನೆ ಹೋದವು. ತನ್ನ ಹೆಸರು ಬರುವ ಕಡೆ ಪೆನ್ನು ನಿಂತಿತು. ಯಾರೂ ಅವಸರ ಮಾಡಲಿಲ್ಲ. ಕೊನೆಗೆ ಬರೆದು, ಸಹಿ ಮಾಡಿ, ಮಸಿಯ ಡಬ್ಬಿಯನ್ನು ಅತ್ತೆಯ ಕಡೆ ನೂಕಿದ.

ಚನ್ನವ್ವ ಕೈ ಚಾಚಲಿಲ್ಲ. ಮೊದಲು ಓದು ಎಂದಳು. ಅವನು ಗೊಣಗಿದಂತೆ ಓದಿದ. ಸಾಲಿನ ಕಡೆಯವನಿಗೂ ಕೇಳುವ ಹಾಗೆ ಓದು ಎಂದಳು. ಅವನು ಓದಿದ: ಅತ್ತೆಯ ಖರೆ ವಯಸ್ಸು ಗೊತ್ತಿದ್ದೂ ಕಡಿಮೆ ಬರೆಸಿದವನು ನಾನು, ಕಾಗದದಲ್ಲಿದ್ದದ್ದನ್ನು ಅವಳಿಗೆ ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಂಡವನು ನಾನು, ಅವಳು ಸುಳ್ಳು ಹೇಳಿಲ್ಲ. ಕೊನೆಯ ಮಾತನ್ನು ಚನ್ನವ್ವ ಇನ್ನೊಮ್ಮೆ ಓದಿಸಿದಳು. ಆಮೇಲೆ ಹೆಬ್ಬೆಟ್ಟನ್ನು ಮಸಿಯಲ್ಲಿ ಅದ್ದಿ ಒತ್ತಿದಳು.

ಖಂಡೆಪ್ಪ ಕಂಪನಿಯ ಕಾಗದವನ್ನೂ ಅದಕ್ಕೆ ಲಗತ್ತಿಸಿ, ವಯಸ್ಸಿನ ಖಾನೆಯಲ್ಲಿ ಅರವತ್ತೇಳು ಎಂದು ಬರೆದು ಮುದ್ರೆ ಹಾಕಿದ. ಎಂಟು ದಿನಕ್ಕೆ ಚೀಟಿ ಕೈಗೆ ಬರುತ್ತದೆ, ದವಾಖಾನೆಗೆ ಈಗಲೇ ಹೋಗಿ ಹೆಸರು ಹಚ್ಚಿರಿ ಎಂದು ಹೇಳಿ, ಮಸಿ ಒರೆಸಿಕೊಳ್ಳಲು ಒಂದು ಹಳೆಯ ಅರಿವೆ ಮುಂದಿಟ್ಟ. ಅನಿಲನೂ ರೂಢಿಯಂತೆ ಜೇಬಿಗೆ ಕೈ ಹಾಕಿ ಬಿಳಿ ಕೈವಸ್ತ್ರ ತೆಗೆದ.

ಚನ್ನವ್ವ ಎರಡನ್ನೂ ಮುಟ್ಟಲಿಲ್ಲ. ಅವನ ಅಂಗಿಯ ಇಸ್ತ್ರಿ ಮುರಿಯದ ತೋಳನ್ನು ಎಡಗೈಯಲ್ಲಿ ಹಿಡಿದು, ಅದರ ಮೇಲೆ ಹೆಬ್ಬೆಟ್ಟನ್ನು ಒತ್ತಿದಳು. ಕಾಗದಕ್ಕೆ ಒತ್ತಿದ್ದಕ್ಕಿಂತ ಜೋರಾಗಿ ಒತ್ತಿದಳು.

"ಆಪರೇಷನ್ ಆಗಿ ನಾ ನಡಕೊಂಡು ಮನಿಗೆ ಬರೂತನಾ," ಅಂದಳು, "ಇದನ್ನ ಒಗೀಬ್ಯಾಡ."