ಬಾಡಿಗೆ ಗಂಟಲು

ಸಂಜೀವಪ್ಪನ ಗಂಟಲಿನಲ್ಲಿ ಅರ್ಧ ದೊಡ್ಡಬಳ್ಳಾಪುರ ವಾಸವಾಗಿತ್ತು. ಅಮಲ್ದಾರರ ಕೆಮ್ಮು, ಕಂಡಕ್ಟರನ ಸೀಟಿ, ಮಾವನ ಮನೆಯ ಎಮ್ಮೆ, ಯಾವುದನ್ನು ಕೇಳಿದರೂ ಅಲ್ಲೇ ತಯಾರು. ಬಿ.ಎ. ಪಾಸು ಮಾಡಿ ನೇಕಾರರ ಸೊಸೈಟಿಯಲ್ಲಿ ಗುಮಾಸ್ತನಾಗಿದ್ದರೂ ಅವನಿಗೆ ಹೆಸರು ಬಂದದ್ದು ಮದುವೆ ಮನೆಗಳ ಮೈಕಿನಿಂದ.

ಆ ಕಾಲದಲ್ಲಿ ‘ನಿನ್ನ ಬೀದಿಯ ದೀಪ ನಾನು’ ಎಂಬ ಪ್ರೇಮಗೀತೆ ಕೇಳಿಸದ ಮದುವೆಯೇ ಇರಲಿಲ್ಲ. ನಿಜ ಹೇಳಬೇಕೆಂದರೆ ಊರಿನ ಬೀದಿಗಳಲ್ಲಿ ದೀಪ ಉರಿಯುತ್ತಿದ್ದುದು ಆ ಹಾಡಿನಲ್ಲಿ ಮಾತ್ರ. ಅದನ್ನು ಮೊದಲು ಬೆಂಗಳೂರಿನ ರೇಡಿಯೋ ಗಾಯಕನೊಬ್ಬ ಜೇನು ಸುರಿದಂತೆ ಹಾಡಿದ. ಆಮೇಲೆ ಮೈಸೂರಿನ ಹೆಂಗಸೊಬ್ಬಳು, ಅಳುವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡವಳಂತೆ. ಮೂರನೆಯವನು ಮದರಾಸಿನಲ್ಲಿದ್ದ ತೆಲುಗಿನವನು, ಅವನ ಬಾಯಲ್ಲಿ ಬೀದಿ ತೆಲುಗು ದೇಶವನ್ನೆಲ್ಲ ಸುತ್ತಿಕೊಂಡು ಬರುತ್ತಿತ್ತು. ಸಂಜೀವಪ್ಪ ಮೂವರನ್ನೂ ಒಂದೇ ಹಾಡಿಗೆ ಇಳಿಸುತ್ತಿದ್ದ. ಜನ ಚಪ್ಪಾಳೆ ತಟ್ಟಿ ಸುಸ್ತಾದ ಮೇಲೆ ಅವನ ನಾಲ್ಕನೆಯ ಐಟಂ ಬರುತ್ತಿತ್ತು. ಅದು ಅವನ ಭಾವ ಬೈಲಪ್ಪ.

ಬೈಲಪ್ಪ ಅಕ್ಕ ಮಾರಕ್ಕನ ಗಂಡ, ರೇಷ್ಮೆ ಮಗ್ಗದ ಯಜಮಾನ, ಊರ ಭಜನೆಗೆ ಮುಂದಾಳು. ಮೂಗಿನಲ್ಲಿ ಶುರುವಾದ ಸಾಲಿನ ಕೊನೆಯ ಅಕ್ಷರವನ್ನು ಅವನು ಬಾವಿಯಿಂದ ಕೊಡ ಸೇದಿದಂತೆ ಎಳೆಯುತ್ತಿದ್ದ. ಒಮ್ಮೆ ರೇಡಿಯೋದವರು ಅವನನ್ನು ಪರೀಕ್ಷೆಗೆ ಕರೆದು ಒಂದೇ ಸಾಲಿಗೆ ಸಾಕು ಎಂದು ಕಳಿಸಿಬಿಟ್ಟಿದ್ದರು. ಸಂಜೀವಪ್ಪ ಅದನ್ನೂ ಬಿಡಲಿಲ್ಲ. ಭಾವನ ಹಾಗೆ ಎಲೆಯಡಿಕೆಯನ್ನು ದವಡೆಗೆ ಸರಿಸಿ, ಮೂಗು ಹಿಡಿದು, ಭಾವ ರೇಡಿಯೋ ಮೆಟ್ಟಿಲು ಹತ್ತಿ ಇಳಿದದ್ದನ್ನು ಊರೂರಿನಲ್ಲಿ ಹಾಡಿ ತೋರಿಸಿದ. ಆ ಐಟಂ ಶುರುವಾಗುವ ಮೊದಲೇ ಉಂಡು ಹೊರಡಲೆಂದು ಬೈಲಪ್ಪ ಮದುವೆಗಳಲ್ಲಿ ಊಟದ ಎರಡನೆಯ ಪಂಕ್ತಿಗೆ ಕಾಯುವುದನ್ನೇ ಬಿಟ್ಟ.

ಒಂದು ದಿನ ಮಾತ್ರ ಅವನು ಎಲ್ಲರೆದುರಿಗೆ ಬಾಯಿ ಬಿಟ್ಟ. "ಲೇ ಸಂಜೀವ, ನಿನ್ನ ಗಂಟಲು ಬಾಡಿಗೆ ಮನೆ ಕಣೋ. ಯಾರ್ಯಾರೋ ಬಂದು ಇದ್ದು ಹೋಗ್ತಾರೆ. ಯಜಮಾನ ಎಲ್ಲವ್ನೆ?"

ಜನ ನಕ್ಕರು. ಅಷ್ಟು ಜೋರಾಗಿ ಅವರು ಸಂಜೀವಪ್ಪನ ಐಟಂಗಳಿಗೂ ನಕ್ಕಿರಲಿಲ್ಲ. ಆ ಮಾತು ಅವನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ತನ್ನದೇ ದನಿಯಲ್ಲಿ ಒಂದು ರೆಕಾರ್ಡು ಮಾಡಿ, ಅದನ್ನು ಭಾವನ ಬಾಯಿಂದಲೇ ಹೊಗಳಿಸಬೇಕು. ಅಲ್ಲಿಯವರೆಗೆ ಅವನಿಗೆ ಅನ್ನ ಇಳಿಯುವುದು ಕಷ್ಟವಾಯಿತು.

ಅವಕಾಶ ಬಂದೇಬಂತು. ಯಾವುದೋ ಮದುವೆಯಲ್ಲಿ ಅವನನ್ನು ಕೇಳಿದ್ದ ಮದರಾಸಿನ ಕಂಪನಿಯವನೊಬ್ಬ ಅದೇ ಹಾಡಿನ ನಾಲ್ಕನೆಯ ರೆಕಾರ್ಡಿಗೆ ಕರೆಸಿಕೊಂಡ. ಸ್ಟುಡಿಯೋದಲ್ಲಿ ಸಂಜೀವಪ್ಪ ಕಣ್ಣು ಮುಚ್ಚಿ ಶುರು ಮಾಡಿದರೆ ಬೆಂಗಳೂರಿನ ಜೇನು ಸುರಿಯಿತು. ನಿಲ್ಲಿಸಿದರು. ಮತ್ತೆ ಹಾಡಿದರೆ ಮೈಸೂರಿನ ಸೆರಗು, ಇನ್ನೊಮ್ಮೆ ಮದರಾಸಿನ ಬೀದಿ. ಇವರೆಲ್ಲ ನಮ್ಮಲ್ಲೇ ಇದ್ದಾರಲ್ಲಪ್ಪ, ನಿನ್ನ ದನಿ ಕೊಡು ಎಂದು ಸಂಗೀತದವನು ಗದರಿದ. ಯಜಮಾನ ಎಲ್ಲವ್ನೆ ಎಂಬ ಮಾತು ಕಿವಿಯಲ್ಲಿ ಕುಟ್ಟಿತು. ಬೆವರು ಒರೆಸಿಕೊಂಡು, ಹಲ್ಲು ಕಚ್ಚಿ, ಭಾವನ ಮೇಲಿನ ಸಿಟ್ಟನ್ನೆಲ್ಲ ಒಟ್ಟುಮಾಡಿ ಹಾಡಿದ. ಈ ಸಲ ಯಾರೂ ನಿಲ್ಲಿಸಲಿಲ್ಲ. ಇಂಥ ದನಿ ಮಾರ್ಕೆಟ್ಟಿನಲ್ಲೇ ಇಲ್ಲ ಎಂದು ಸಂಗೀತದವನು ಬೆನ್ನು ತಟ್ಟಿದ. ಸಂಜೀವಪ್ಪ ರೈಲಿನುದ್ದಕ್ಕೂ ನಗುತ್ತಾ ಬಂದ.

ರೆಕಾರ್ಡು ಬಂದಾಗ ಯಾರಿಗೂ ತೋರಿಸಲಿಲ್ಲ. ಮನೆಯಲ್ಲಿ ಗ್ರಾಮಫೋನು ಇಲ್ಲದ್ದರಿಂದ ತಾನೂ ಕೇಳಲಿಲ್ಲ. ಹೆಸರು ಗೊತ್ತಾದರೆ ಭಾವ ಹೊಗಳುವುದುಂಟೇ? ಮೈಕ್ ಸೆಟ್ಟಿನ ಅಪ್ಪಯ್ಯಣ್ಣನ ಪೆಟ್ಟಿಗೆಗೆ, ಬೆಂಗಳೂರಿನ ಹೊಸ ಮಾಲು ಎಂದು ಸೇರಿಸಿಬಿಟ್ಟ. ಬೇರೆ ಸೆಟ್ಟಿನವರು ಕದಿಯದಿರಲೆಂದು ಪ್ರತಿ ರೆಕಾರ್ಡಿನ ನಡುವೆ, ಹಾಡಿದವರ ಹೆಸರಿರುವ ಲೇಬಲ್ಲಿನ ಮೇಲೆ, ತನ್ನ ಸೆಟ್ಟಿನ ಹೆಸರಿನ ಚೀಟಿಯನ್ನು ಮೈದಾ ಅಂಟಿನಿಂದ ಮೆತ್ತುವುದು ಅಪ್ಪಯ್ಯಣ್ಣನ ಪದ್ಧತಿ. ಓದು ಬಾರದ ಅವನು ಇದಕ್ಕೂ ಮೆತ್ತಿದ. ಸಂಜೀವಪ್ಪನಿಗೆ ಬೇಕಾದದ್ದೂ ಅದೇ. ಭಾವ ಹೊಗಳಿದ ಮೇಲೆ ಚೀಟಿ ಕಿತ್ತು ಹೆಸರು ತೋರಿಸುವುದು, ಅಷ್ಟೇ.

ದೊಡ್ಡಮುನಿಯಪ್ಪನ ಮಗಳ ಮದುವೆಯ ದಿನ ಹೊಂಗೆ ಮರಕ್ಕೆ ಕಟ್ಟಿದ್ದ ಮೈಕ್ ಸೆಟ್ಟಿನ ಕಹಳೆಯಲ್ಲಿ ಹಾಡು ಶುರುವಾಯಿತು. ಮೊದಲ ಸಾಲು ಮೂಗಿನಲ್ಲಿ ಹೊರಟಿತು. ಕೊನೆಯ ಅಕ್ಷರ ಬಾವಿಯಿಂದ ಮೇಲೆದ್ದು ಬಂತು. ಸಂಜೀವಪ್ಪನ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು.

ಪಂಕ್ತಿಯಲ್ಲಿ ಕೂತವರೆಲ್ಲ ಬೈಲಪ್ಪನ ಕಡೆ ತಿರುಗಿದರು. ಗುಟ್ಟಾಗಿ ರೆಕಾರ್ಡು ಕೊಟ್ಟುಬಿಟ್ಟಿದ್ದಾನೆ, ರೇಡಿಯೋದವರ ಮೂಗು ಕತ್ತರಿಸಿದ್ದಾನೆ ಎಂದು ಮಾತು ಹಬ್ಬಿತು. ಬೈಲಪ್ಪ ತುತ್ತು ಹಿಡಿದುಕೊಂಡೇ ಕಹಳೆಯನ್ನು ನೋಡುತ್ತಿದ್ದ.

ಸಂಜೀವಪ್ಪ ಓಡಿಬಂದು ಅದು ತನ್ನ ರೆಕಾರ್ಡು, ತಾನೇ ಮದರಾಸಿಗೆ ಹೋಗಿ ಹಾಡಿದ್ದು ಎಂದ.

ಮಾರಕ್ಕ ಪಲ್ಯದ ಬಟ್ಟಲನ್ನು ಕುಕ್ಕಿದಳು. "ನನ್ನ ಗಂಡನ ದನಿ ನಂಗೊತ್ತಿಲ್ವೇನೋ? ಅವ್ರನ್ನ ಆಡ್ಕೊಂಡು ಬದುಕ್ದೆ. ಈಗ ಅವ್ರ ಹೆಸ್ರೂ ಬೇಕಾ?"

ಉಳಿದದ್ದು ಒಂದೇ ದಾರಿ. ಸಂಜೀವಪ್ಪ ರೆಕಾರ್ಡು ನಿಲ್ಲಿಸಿ, ಮೈಕು ಕಿತ್ತುಕೊಂಡು ಹಾಡಿ ತೋರಿಸಿದ. ಒಂದು ಅಕ್ಷರ ಆಚೀಚೆಯಾಗಲಿಲ್ಲ. ಹಾಡು ಮುಗಿಯುವ ಮೊದಲೇ ಶಿಳ್ಳೆ ಬಿತ್ತು. ಇವತ್ತಿನ ಬೈಲಪ್ಪನ ಐಟಂ ಎಲ್ಲಕ್ಕಿಂತ ಫಸ್ಟ್ ಕ್ಲಾಸು ಎಂದು ಯಾರೋ ಕೂಗಿದರು. ಅವನು ತನ್ನ ದನಿಯಲ್ಲಿ ಏನಾದರೂ ಹೇಳಲು ಬಾಯಿ ತೆರೆದ. ಯಾವ ದನಿಯಲ್ಲಿ ಎಂದು ತೋಚಲಿಲ್ಲ.

"ಚೀಟಿ ಕೀಳಿ," ಎಂದ ಕೊನೆಗೆ. ಅದು ಕೂಡ ಮೂಗಿನಲ್ಲೇ ಬಂತು. "ಕೆಳಗೆ ನನ್ನ ಹೆಸ್ರದೆ, ಓದಿ."

ಬೈಲಪ್ಪ ಕೈ ತೊಳೆದುಕೊಂಡು ಬಂದು ರೆಕಾರ್ಡು ಎತ್ತಿಕೊಂಡ. ಒದ್ದೆ ಬೆರಳಿನಿಂದ ಚೀಟಿಯ ಅಂಚನ್ನು ನಿಧಾನವಾಗಿ ಎಬ್ಬಿಸಿದ. ಪಕ್ಕದಲ್ಲೇ ನಿಂತಿದ್ದ ಸಂಜೀವಪ್ಪನಿಗೆ ತನ್ನ ಹೆಸರು ಸ್ಪಷ್ಟವಾಗಿ ಕಂಡಿತು. ಬೈಲಪ್ಪನಿಗೂ ಕಂಡಿತು. ಅವನ ಹೆಬ್ಬೆರಳು ಆ ಹೆಸರಿನ ಮೇಲೆ ಹೋಗಿ, ನೆನೆದ ಕಾಗದವನ್ನು ಹಿಟ್ಟು ನಾದುವಂತೆ ನಾದಿತು. ಬೆರಳೆತ್ತಿದಾಗ ಅಲ್ಲಿ ಮೈದಾ ಮುದ್ದೆ ಮಾತ್ರ ಇತ್ತು.

"ಏನೂ ಕಾಣ್ತಿಲ್ಲಪ್ಪ, ಅಂಟಿನ ಜೊತೆ ಎದ್ದು ಬಂದ್ಬಿಟ್ಟದೆ," ಎಂದು ಜನರಿಗೆ ತೋರಿಸಿದ. ಅಷ್ಟರಲ್ಲಿ ದೊಡ್ಡಮುನಿಯಪ್ಪ ಬೀಗರಿಗೆಂದು ತರಿಸಿದ್ದ ಹಾರವೊಂದನ್ನು ತಂದು ಬೈಲಪ್ಪನ ಕೊರಳಿಗೆ ಹಾಕಿದ.

ಹಾರ ಸರಿಮಾಡಿಕೊಳ್ಳುವ ನೆಪದಲ್ಲಿ ಬೈಲಪ್ಪ ಭಾವಮೈದುನನ ಕಿವಿಯ ಹತ್ತಿರ ಬಾಗಿದ.

"ಮನೆ ಯಜಮಾನ ಬಂದವ್ನೆ ಕಣೋ, ಸಂಜೀವ. ಖಾಲಿ ಮಾಡು."